ಹಿಮದಡಿಯ ಮಂದೆ

ಒಟಾಗೊ, ನ್ಯೂಜಿಲೆಂಡ್
ಆಗಸ್ಟ್ ೧೮೭೮

ಗ್ರಿಜೆಲ್ ಅಕ್ಕಾ,

ನಿನ್ನ ತಂಗಿ ಬದುಕಿದ್ದಾಳೆ, ಮೊದಲು ಅಷ್ಟು ತಿಳಿದುಕೋ. ಯಜಮಾನರು ತೀರಿಕೊಂಡ ಮೇಲೆ ಇದು ನನಗೆ ಮೊದಲ ಚಳಿಗಾಲ. ಈ ಸೀಮೆಗೇ ದೊಡ್ಡದೆನ್ನುವ ನಮ್ಮ ಕುರಿಮಂದೆ ಹಿಮದಲ್ಲಿ ಹೂತುಹೋಯಿತು. ಪಕ್ಕದ ಜಮೀನಿನ ಹಾಲ್ಡೇನ್ ಕುದುರೆಯಿಂದ ಇಳಿಯದೆಯೇ, "ಎಲ್ಲಾ ನನಗೆ ಮಾರಿ ಸ್ಕಾಟ್ಲೆಂಡಿಗೆ ಹೊರಟುಬಿಡಿ ತಾಯಿ. ಇದು ಹೆಂಗಸರ ಕೈಲಾಗೋ ಕೆಲ್ಸ ಅಲ್ಲ" ಅಂದರು. "ಮೊದ್ಲು ನನ್ನ ಕುರಿ ಹುಡುಕ್ಕೋತೀನಿ, ಆಮೇಲೆ ಮಾತಾಡೋಣ" ಅಂದೆ.

ನಮ್ಮ ಮುದಿ ಕುರುಬ ಟಾರ್ಕ್ವಿಲ್ ಜೊತೆ ನಾನೂ ಸಲಿಕೆ ಹಿಡಿದು ಹೊರಟೆ. ಹಿಮದ ಮೇಲೆ ಅಲ್ಲಲ್ಲಿ ಹಳದಿಗಟ್ಟಿದ ಸಣ್ಣ ತೂತುಗಳು. "ಅದು ಕುರಿ ಉಸಿರು ಅಮ್ಮಾವ್ರೇ, ಇಲ್ಲೇ ಅಗೀರಿ" ಅಂದ. ಅಗೆದರೆ, ಹಸಿವಿಗೆ ಒಂದರ ಉಣ್ಣೆಯನ್ನೊಂದು ತಿಂದು ಬೋಳಾಗಿ ನಿಂತಿದ್ದವು, ಜೀವಂತ. ಅರ್ಧದಷ್ಟು ಹೀಗೆ ಉಳಿದವು.

ಹಾಲ್ಡೇನ್ ಮತ್ತೆ ಬಂದಾಗ ನಾನು ಸೊಂಟದವರೆಗೆ ಗುಂಡಿಯಲ್ಲಿದ್ದೆ. "ಏನು ತೀರ್ಮಾನ ಮಾಡಿದ್ರಿ?" ಅಂತ ಕೇಳಿದರು. "ನಿಮ್ಮ ಆಳುಗಳನ್ನ ಒಂದು ವಾರ ಕಳಿಸಿಕೊಡಿ, ಅಷ್ಟು ಸಾಕು" ಅಂದೆ. ಅವರು ಕುದುರೆಯಿಂದ ಇಳಿದು ತಾವೇ ಒಂದು ಸಲಿಕೆ ತೆಗೆದುಕೊಂಡರು.

ನನ್ನ ಎಡಗೈ ಕಿರುಬೆರಳಿಗೆ ಸ್ಪರ್ಶವಿಲ್ಲ, ಉಳಿದಂತೆ ಗಟ್ಟಿಯಾಗಿದ್ದೇನೆ. ಅಂಚೆ ಗಾಡಿಯವನು ಬಾಗಿಲಲ್ಲಿ ಗೊಣಗುತ್ತಿದ್ದಾನೆ. ನಾನು ಬರುತ್ತೇನೆಂದು ನೀನು ಸುಣ್ಣ ಹೊಡೆಸಿಟ್ಟ ಕೋಣೆಯನ್ನು ತಮ್ಮನಿಗೂ ಅವನ ಹೊಸ ಹೆಂಡತಿಗೂ ಕೊಟ್ಟುಬಿಡು ಅಕ್ಕಾ.

ಐಸೊಬೆಲ್