ಪಟ್ಟಿಯಲ್ಲಿ ಬಿಟ್ಟ ಊರು

ಕೊರ್ನೀಲ್ಯಾ,
ಆಗಸ್ಟ್ 21, ಬುಧವಾರ ಬೆಳಿಗ್ಗೆ

ಸೆಕೊಂದೊಗೆ ಮಿರೆಲ್ಲಾ ಬರೆಯುವುದು,

ಮೊದಲು ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ನೀನು ಕೇಳಿದ ನಿಂಬೆ ಗಿಡವೂ ಚೆನ್ನಾಗಿದೆ.

ನಿನ್ನ ಕಾಗದ ಸೋಮವಾರ ಬಂತು. ಐದು ವರ್ಷದ ಮೇಲೆ ನಿಮ್ಮೂರು ಆಲ್ಬಾದ ಮುದ್ರೆ ಇರುವ ಲಕೋಟೆ. ನಿನಗೆ ಏನೋ ಆಗಿದೆ, ನಿಮ್ಮಣ್ಣ ಯಾರ ಕೈಲೋ ಬರೆಸಿದ್ದಾನೆ ಅಂದುಕೊಂಡು ಬಾಗಿಲ ಮೆಟ್ಟಿಲ ಮೇಲೇ ಕೂತು ಒಡೆದೆ. ನೋಡಿದರೆ, ನಿಮ್ಮ ಚರ್ಚಿನ ಪಿಂಚಣಿದಾರರು, ನಿನ್ನನ್ನೂ ಸೇರಿಸಿ ನಲವತ್ತೆರಡು ಜನ, ಸೆಪ್ಟೆಂಬರ್ ಇಪ್ಪತ್ತಾರಕ್ಕೆ ನಮ್ಮ ಕಡಲ ಊರುಗಳನ್ನು ನೋಡಲು ಬರುತ್ತಾರಂತೆ. ಅಲ್ಲಿ ಬಾಳಿದವನು ಅಂತ ಏರ್ಪಾಡೆಲ್ಲ ನಿನ್ನ ತಲೆಗೆ ಕಟ್ಟಿದ್ದಾರಂತೆ. ಯಾವ ರೈಲು ಖಾಲಿ ಇರುತ್ತೆ, ಊಟ ಎಲ್ಲಿ, ಶೌಚಾಲಯ ಎಲ್ಲೆಲ್ಲಿ ತೆಗೆದಿರುತ್ತೆ ಅಂತ ಕೇಳಿದ್ದೀಯ. ಸೆಕೊಂದೊ, ಐದು ವರ್ಷ ಮಾತಿಲ್ಲದೆ ಇದ್ದ ಗಂಡ ಹೆಂಡತಿಗೆ ಮೊದಲು ಬರೆದು ಕೇಳುವುದು ಶೌಚಾಲಯದ ವಿಚಾರವಾ? ನಾನು ಅಲ್ಲೇ ಕೂತು ನಕ್ಕೆ. ಆಮೇಲೆ ನಿನ್ನ ಪಟ್ಟಿ ಓದಿದೆ, ನಗು ನಿಂತಿತು.

ಮೇಲುಗಡೆ ದಪ್ಪಕ್ಷರದಲ್ಲಿ ‘ಐದು ಊರು, ಒಂದು ದಿನ’ ಅಂತ ಬರೆದಿದ್ದೀಯ. ಕೆಳಗೆ ರಿಯೊಮಜ್ಜೋರೆ, ಮನರೋಲಾ, ವೆರ್ನಾತ್ಸಾ, ಮೊಂಟೆರೊಸ್ಸೊ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳೇ ಇರಬಹುದು, ಬೆರಳಿಟ್ಟು ಎಣಿಸಲು ಬರುತ್ತೆ. ನಾಲ್ಕೇ ಇವೆ. ಪಕ್ಕದಲ್ಲಿ ಸಣ್ಣದಾಗಿ, ‘ನಡುವಿನದು ಬೇಡ, ಮೆಟ್ಟಿಲು ಜಾಸ್ತಿ, ವಯಸ್ಸಾದವರಿದ್ದಾರೆ’ ಅಂತ. ನಡುವಿನದು! ಮೂವತ್ತೊಂದು ವರ್ಷ ನೀನು ಉಂಡು ಮಲಗಿದ ಊರಿಗೆ ಒಂದು ಹೆಸರಿದೆ, ಕೊರ್ನೀಲ್ಯಾ ಅಂತ. ಅದನ್ನು ಬರೆಯಲೂ ನಿನ್ನ ಪೆನ್ನು ಒಪ್ಪಲಿಲ್ಲವಾ?

ಇರಲಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ನಾನು ಹೇಳದಿದ್ದರೆ ನೀನು ಯಾವುದೋ ಬಣ್ಣದ ಪುಸ್ತಕ ನಂಬಿ ನಲವತ್ತು ಜನರ ಮೊಣಕಾಲು ಮುರಿಸುತ್ತೀಯ. ಈ ವಿಚಾರದಲ್ಲಿ ನನಗಿಂತ ಚೆನ್ನಾಗಿ ಹೇಳುವವರು ಈ ತೀರದಲ್ಲಿ ಯಾರೂ ಇಲ್ಲ.

ಬಸ್ಸನ್ನು ಲಾ ಸ್ಪೆತ್ಸಿಯಾದಲ್ಲೇ ಬಿಡಿ. ಅಲ್ಲಿಂದ ರೈಲು, ಎಂಟು ಗಂಟೆಗೆ ಮುಂಚೆ. ಹತ್ತೂವರೆ ಆಯಿತೆಂದರೆ ಪ್ಲಾಟ್‌ಫಾರಂ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮವರು ಒಬ್ಬರನ್ನೊಬ್ಬರು ಕಳೆದುಕೊಂಡು ಕೂಗಾಡುತ್ತಾರೆ. ಎಲ್ಲರೂ ನಡುವಿನ ಡಬ್ಬಿಗಳಲ್ಲಿ ಕೂರಲಿ. ವೆರ್ನಾತ್ಸಾದಲ್ಲಿ ರೈಲಿನ ಬಾಲ ಸುರಂಗದೊಳಗೇ ನಿಲ್ಲುತ್ತೆ ಅನ್ನುವುದು ನಿನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕತ್ತಲು ನೋಡಿ, ಊರು ಇನ್ನೂ ಬಂದಿಲ್ಲ ಅಂತ ಸುಮ್ಮನೆ ಕೂತಿರುತ್ತಾರೆ, ರೈಲು ಅವರನ್ನು ಹಾಗೇ ಮೊಂಟೆರೊಸ್ಸೊಗೆ ಎತ್ತಿಕೊಂಡು ಹೋಗುತ್ತೆ. ಹೋದ ತಿಂಗಳು ಒಬ್ಬ ಅಜ್ಜ ಹಾಗೆ ಮೂರು ಸಲ ಹೋಗಿ ಬಂದನಂತೆ.

ಚಪ್ಪಲಿ ಬೇಡ. ಹಿಮ್ಮಡಿ ಮುಚ್ಚುವ ಶೂ. ಬಿಪಿ ಇರುವವರು ಯಾರು ಯಾರು ಅಂತ ಮೊದಲೇ ಬರೆದಿಟ್ಟುಕೋ. ಮಾತ್ರೆ ಬಸ್ಸಿನಲ್ಲಿ ಬಿಟ್ಟು ಬರುವವರು ಇದ್ದೇ ಇರುತ್ತಾರೆ, ಕೇಳಿ ಖಾತ್ರಿ ಮಾಡಿಕೋ. ದೋಣಿಯ ಟಿಕೆಟ್ ಮುಂಚೆ ತೆಗೆಯಬೇಡ. ಸೆಪ್ಟೆಂಬರ್ ಕೊನೆಗೆ ನೈಋತ್ಯದ ಗಾಳಿ ಎದ್ದರೆ ದೋಣಿ ಕಟ್ಟೆ ಬಿಟ್ಟು ಹೊರಡುವುದಿಲ್ಲ. ಶೌಚಾಲಯ ಸ್ಟೇಷನ್ನುಗಳಲ್ಲಿದೆ, ಆದರೆ ಅರ್ಧ ಹೊತ್ತು ಬೀಗ. ಅದಕ್ಕೇ ಮನರೋಲಾದಲ್ಲಿ ಎಲ್ಲರಿಗೂ ಒಂದೊಂದು ಕಾಫಿ ಕುಡಿಸು, ಕಾಫಿ ಕುಡಿದವರಿಗೆ ಯಾರೂ ಬೇಡ ಅನ್ನುವುದಿಲ್ಲ. ಊಟಕ್ಕೆ ನಲವತ್ತೆರಡು ಜನ ಒಟ್ಟಿಗೆ ಹೋದರೆ ಯಾವ ಹೋಟೆಲಿನವನೂ ಬಾಗಿಲು ತೆಗೆಯುವುದಿಲ್ಲ. ಮೂರು ಗುಂಪು ಮಾಡು. ಮೊಂಟೆರೊಸ್ಸೊದಲ್ಲಿ ಹಸಿ ಆಂಚೊವಿ ಹುರಿದು ಕೊಡುತ್ತಾರೆ, ತಿನ್ನಿಸು. ನಿಮ್ಮ ಕಡೆಯವರು ಆ ಮೀನು ಉಪ್ಪಿನ ಡಬ್ಬಿಯಲ್ಲೇ ಹುಟ್ಟುತ್ತೆ ಅಂದುಕೊಂಡಿದ್ದಾರೆ. ನೀನೂ ಹಾಗೇ ಅಂದುಕೊಂಡು ಬಂದವನು.

ನಿನ್ನೆ ಚೌಕದ ಕಟ್ಟೆಯ ಹತ್ತಿರ ಈ ಸುದ್ದಿ ಹೇಳಿದೆ. ಗುಡ್ಡದ ಮೇಲಿನ ನಮ್ಮ ದ್ರಾಕ್ಷಿ ತೋಟದ ಕೆಳಗಿನ ಹಂತದ ಬಾಚಿಚ್ಚ ಇದ್ದ. ಎಂಬತ್ತಾಯಿತು, ನಾಲಗೆ ಮಾತ್ರ ಇಪ್ಪತ್ತರದ್ದು. ಏನಮ್ಮಾ ಮಿರೆಲ್ಲಾ, ನಿನ್ನ ಗಂಡ ಗೈಡ್ ಆಗಿಬಿಟ್ಟನಾ, ಕೊಡೆ ಎತ್ತಿ ಹಿಡ್ಕೊಂಡು ಮುಂದೆ ಮುಂದೆ ನಡೀತಾನಾ ಅಂತ ಕೇಳಿದ. ನಡೀತಾನೆ, ನಿನ್ನ ಬೋಳು ತಲೆಗೆ ಬಿಸಿಲು ಬೀಳದ ಹಾಗೆ ಹಿಡೀತಾನೆ ಅಂದೆ. ಎಲ್ಲರೂ ನಕ್ಕರು. ಅವನು ಬಿಡಲಿಲ್ಲ. ಹಾಗಾದ್ರೆ ಮೇಲೆ ನಮ್ಮೂರಿಗೂ ಬರ್ತಾನೆ ಅನ್ನು ಅಂದ. ನಾನು, ಬರ್ತಾನೆ ಅಂದೆ. ಗಟ್ಟಿಯಾಗಿಯೇ ಅಂದೆ. ಪಟ್ಟಿಯಲ್ಲಿ ಊರೇ ಇಲ್ಲ ಅಂತ ಹೇಳಲು ಬಾಯಿ ಬರಲಿಲ್ಲ.

ಈಗ ಮೆಟ್ಟಿಲಿನ ಮಾತಿಗೆ ಬರುತ್ತೇನೆ. ಹೌದು, ಸ್ಟೇಷನ್ನಿನಿಂದ ಊರಿಗೆ ಮುನ್ನೂರ ಎಂಬತ್ತೆರಡು ಮೆಟ್ಟಿಲು. ಆದರೆ ಸಣ್ಣ ಬಸ್ಸೂ ಇದೆ. ಅದು ತಿರುವಿನಲ್ಲಿ ಕೆಟ್ಟು ನಿಂತಾಗ ತಳ್ಳಿದವರಲ್ಲಿ ನೀನೂ ಒಬ್ಬ. ಮೂರು ಸಲ ಓಡಾಡಿದರೆ ನಿಮ್ಮವರೆಲ್ಲ ಮೇಲಿರುತ್ತಾರೆ, ಒಂದು ಮೊಣಕಾಲೂ ನೋಯುವುದಿಲ್ಲ. ಅಂದಮೇಲೆ ನಿನಗೆ ಹತ್ತಲಾಗದ್ದು ಮೆಟ್ಟಿಲಲ್ಲ. ಅದು ಯಾವುದು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಬೇರೆ ಯಾರೂ ಬರೆಯದೆ ಇರುವುದರಿಂದ ನಾನೇ ಬರೆಯುತ್ತೇನೆ.

ನಮ್ಮಪ್ಪನ ತೋಟದಲ್ಲಿ ಗುಡ್ಡದ ಮಣ್ಣು ತಡೆಯುವ ದೊಡ್ಡ ಗೋಡೆ ಉಬ್ಬಿ ಹೊಟ್ಟೆ ಬಿಟ್ಟಾಗ ಒಂದು ಚಳಿಗಾಲವೆಲ್ಲ ಕೂತು ಅದನ್ನು ಬಿಚ್ಚಿ ಮತ್ತೆ ಕಟ್ಟಿದವನು ನೀನು. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿಗೆ ಕಲ್ಲು ಕೂರಿಸಿ, ನಮ್ಮಪ್ಪ ನಿನಗೆ ಕಲಿಸಿದ ಹಾಗೆ. ನೀನು ನಿಮ್ಮ ಕಡೆ ಇಟ್ಟಿಗೆ ಗಾರೆ ಕೆಲಸ ಮಾಡಿ ಬಂದವನು. ನೀನು ಬಂದ ಮೊದಲ ವರ್ಷವೆಲ್ಲ ಅಪ್ಪ ನಿನ್ನ ಗೋಡೆಯನ್ನು ಕಾಲಲ್ಲಿ ಒದ್ದು ಬೀಳಿಸುತ್ತಿದ್ದ, ಮತ್ತೆ ಕಟ್ಟಿಸುತ್ತಿದ್ದ. ಕೊನೆಗೆ ಒಂದು ದಿನ ಒದೆಯಲಿಲ್ಲ. ಅವನ ಬಾಯಲ್ಲಿ ಹೊಗಳಿಕೆ ಅಂತ ಬಂದಿದ್ದು ಅಷ್ಟೇ. ಆ ದೊಡ್ಡ ಗೋಡೆ ಐದು ವರ್ಷದ ಹಿಂದೆ, ಕಟ್ಟಿದ ಚಳಿಗಾಲ ಕಳೆದು ಬಂದ ಅಕ್ಟೋಬರಿನ ಮಳೆಗೆ ಕುಸಿಯಿತು. ನಮ್ಮ ಅರವತ್ತು ಬಳ್ಳಿ, ಬಾಚಿಚ್ಚನ ಗೋಡೆ, ಅವನ ಕೊಟ್ಟಿಗೆ, ಎಲ್ಲ ಒಟ್ಟಿಗೆ ಇಳಿದು ಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ಊರೆಲ್ಲ ಅಲ್ಲಿ ನಿಂತಿತ್ತು. ಬಾಚಿಚ್ಚ ಕೆಸರಿನಿಂದ ಸಿಮೆಂಟಿನ ಗಟ್ಟಿ ಒಂದನ್ನು ಎತ್ತಿ, ನೋಡ್ರಪ್ಪಾ, ಇವನಿಗೆ ಸಿಮೆಂಟ್ ಇಲ್ದೆ ಕೈ ಆಡಲ್ಲ, ನೀರು ಹೋಗೋ ದಾರಿ ಮುಚ್ಚಿ ಗುಡ್ಡಾನೇ ಬೀಳಿಸ್ದ ಅಂದ. ಎಲ್ಲರೂ ನನ್ನ ಮುಖ ನೋಡಿದರು. ಆಗ ನಾನು ಅಂದೆ, ಎಷ್ಟಾದರೂ ಫೊರೆಸ್ತೊ ಅಲ್ವಾ ಅಂತ.

ಫೊರೆಸ್ತೊ. ಹೊರಗಿನವನು. ನಮ್ಮಲ್ಲಿ ಈ ಮಾತಿಗೆ ಲೆಕ್ಕವೇ ಇಲ್ಲ. ಪಕ್ಕದ ವೆರ್ನಾತ್ಸಾದವನೂ ಫೊರೆಸ್ತೊನೇ. ನಮ್ಮಮ್ಮ ಮನರೋಲಾದಿಂದ ಮದುವೆಯಾಗಿ ಬಂದು ಐವತ್ತು ವರ್ಷ ಇಲ್ಲಿ ಬುಟ್ಟಿ ಹೊತ್ತಳು. ಮಣ್ಣಿಗಿಡುವ ದಿನವೂ ಹಿಂದೆ ಯಾರೋ, ಪಾಪ ಆ ಹೊರಗಿನವಳು ಅಂದರು. ಕೇಳಿ ಕೇಳಿ ನನಗೆ ಅದಕ್ಕೆ ಹಲ್ಲೇ ಇಲ್ಲ ಅನ್ನಿಸಿಬಿಟ್ಟಿತ್ತು. ಆದರೆ ಊರು ಮೂವತ್ತೊಂದು ವರ್ಷ ನಿನ್ನನ್ನು ಹಾಗೆ ಕರೆದರೂ ನಾನು ಒಂದು ಸಲವೂ ಕರೆದಿರಲಿಲ್ಲ. ನೀನು ಆ ಸಿಮೆಂಟಿನ ಗಟ್ಟಿ ನೋಡಿದೆ, ನನ್ನನ್ನು ನೋಡಿದೆ, ಏನೂ ಮಾತಾಡಲಿಲ್ಲ. ಹತ್ತು ದಿನ ಕಲ್ಲು ಆಯ್ದು ಬಾಚಿಚ್ಚನ ಗೋಡೆ ಕಟ್ಟಿಕೊಟ್ಟೆ. ಹನ್ನೊಂದನೇ ದಿನ ಚೀಲ ತೆಗೆದುಕೊಂಡು ಇಳಿದು ಹೋದೆ.

ಆ ಮಾತು ಅನ್ನಬಾರದಿತ್ತು. ತಪ್ಪು ನನ್ನದು. ಇದನ್ನು ಬರೆಯಲು ನನಗೆ ಐದು ವರ್ಷ ಬೇಕಾಯಿತು, ನೀನು ಓದಲು ಒಂದು ನಿಮಿಷ ಸಾಕು. ಉಳಿದಂತೆ ಸಿಮೆಂಟ್ ಹಾಗಾಯಿತು ಹೀಗಾಯಿತು ಅನ್ನುವುದೆಲ್ಲ ಹಳೆಯ ಮಾತು, ಅದನ್ನು ಕೆದಕುವುದು ಬೇಡ.

ಈಗ ನನ್ನ ಪಟ್ಟಿ ಕೇಳು. ಬೆಳಿಗ್ಗೆ ರಿಯೊಮಜ್ಜೋರೆ, ಮನರೋಲಾ. ಮಧ್ಯಾಹ್ನ ಮೊಂಟೆರೊಸ್ಸೊದಲ್ಲಿ ಊಟ. ವಾಪಸ್ ಬರುತ್ತಾ ವೆರ್ನಾತ್ಸಾ. ನಾಲ್ಕು ಗಂಟೆಗೆ ಕೊರ್ನೀಲ್ಯಾ. ಅಷ್ಟು ಹೊತ್ತಿಗೆ ಜನಜಂಗುಳಿ ಇಳಿದಿರುತ್ತೆ, ಚರ್ಚಿನ ಗೋಡೆಯ ನೆರಳು ಚೌಕದ ತುಂಬ ಬಿದ್ದಿರುತ್ತೆ. ನಲವತ್ತೆರಡು ಕುರ್ಚಿ ನಾನು ಹೊಂದಿಸುತ್ತೇನೆ. ಕಾಮಕಸ್ತೂರಿ ಎಲೆಯ ಚಟ್ನಿ ಹಚ್ಚಿದ ರೊಟ್ಟಿ, ನಮ್ಮದೇ ಬಿಳಿ ವೈನು. ಬೇಡ ಅಂತ ಬರೆಯಬೇಡ, ಕುರ್ಚಿಗೆ ಆಗಲೇ ಹೇಳಿಯಾಯಿತು. ಬಸ್ಸಿನ ಡ್ರೈವರಿಗೂ ಹೇಳಿಯಾಯಿತು. ಮಳೆ ಬಂದರೆ ಏನು ಮಾಡುವುದು ಅಂತ ಎರಡು ರಾತ್ರಿ ಯೋಚನೆ ಮಾಡಿದೆ, ಪಾದ್ರಿಗಳ ಹತ್ತಿರ ಚರ್ಚಿನ ಹಾಲ್‌ನ ಬೀಗದ ಕೈ ಇಸಿದುಕೊಂಡೆ. ಯಾರಾದರೂ ತಲೆಸುತ್ತಿ ಬಿದ್ದರೆ ಅಂತ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಾಕಿಟ್ಟಿರುತ್ತೇನೆ. ಆರು ಗಂಟೆಗೆ ಅವರ ರೈಲು.

ನಲವತ್ತೆರಡು ಜನ ಹತ್ತಿ ಬರಲಿ, ಸೆಕೊಂದೊ. ನಲವತ್ತೊಂದು ಜನ ಇಳಿದು ಹೋಗಲಿ.

ಮಾರನೇ ದಿನ ನಮ್ಮ ದ್ರಾಕ್ಷಿ ಕೊಯ್ಲು ಇಟ್ಟುಕೊಂಡಿದ್ದೇನೆ. ಬುಟ್ಟಿ ಇಳಿಸುವ ಒಂಟಿ ಹಳಿಯ ಗಾಡಿಯ ಎಂಜಿನ್ ನನ್ನ ಮಾತು ಕೇಳುವುದಿಲ್ಲ, ಬೈದರೂ ಕೇಳುವುದಿಲ್ಲ. ನಿನ್ನ ಮಾತು ಕೇಳುತ್ತಿತ್ತು. ನಿಮ್ಮಣ್ಣನಿಗೆ ಅಡುಗೆ ಯಾರು ಮಾಡಬೇಕು ಅಂತ ಕೇಳುತ್ತೀಯ, ಗೊತ್ತು. ಅವನಿಗೆ ಮಗಳಿದ್ದಾಳೆ, ಅದೇ ಬೀದಿಯಲ್ಲಿದ್ದಾಳೆ. ಅದನ್ನೂ ಯೋಚಿಸಿದ್ದೇನೆ.

ಸ್ವೆಟರ್ ತಾ. ಆರರ ಮೇಲೆ ಗಾಳಿ ತಿರುಗುತ್ತೆ.

ನಡುವಿನ ಊರಿನಿಂದ,
ಕಾಗದಪತ್ರದಲ್ಲೂ ಮನಸ್ಸಿನಲ್ಲೂ ಇನ್ನೂ ನಿನ್ನ ಹೆಂಡತಿಯೇ ಆಗಿರುವ
ಮಿರೆಲ್ಲಾ

ತಾ.ಕ. ಶನಿವಾರ. ಮೂರು ದಿನ ಈ ಕಾಗದ ಏಪ್ರನ್ ಜೇಬಿನಲ್ಲೇ ಇತ್ತು. ಅಂಚೆ ಡಬ್ಬಿಯವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಒಂದು ಸುಳ್ಳನ್ನು ಹಾಗೇ ಒಳಗಿಟ್ಟು ಲಕೋಟೆ ಅಂಟಿಸಿದ್ದೆ, ಈಗ ಮತ್ತೆ ಒಡೆದು ಬರೆಯುತ್ತಿದ್ದೇನೆ.

ಆ ಸಿಮೆಂಟ್ ಹಾಕಿದ್ದು ನಾನು. ನಿನ್ನ ಅತ್ತಿಗೆ ತೀರಿಕೊಂಡಾಗ ನೀನು ನಾಲ್ಕು ದಿನ ಆಲ್ಬಾಗೆ ಹೋಗಿದ್ದೆಯಲ್ಲ, ಆಗ. ನೀನು ಗೋಡೆ ಮುಗಿಸಿದಾಗಿನಿಂದ ಹನಿ ಬಿದ್ದರೆ ಸಾಕು, ಎದ್ದು ಕೂರುತ್ತಿದ್ದೆ. ಅಷ್ಟೆತ್ತರದ ಗೋಡೆ, ಕಲ್ಲಿನ ನಡುವೆ ಏನೂ ಇಲ್ಲ, ಹೇಗೆ ನಿಲ್ಲುತ್ತೆ ಅಂತ. ಮೂರು ಚೀಲ ಸಿಮೆಂಟನ್ನು ಹಳಿಯ ಗಾಡಿಯಲ್ಲಿ ಏರಿಸಿ, ಕಲಸಿ, ಗೋಡೆಯ ಬೆನ್ನಿಗೆ ಸುರಿದು, ಮೇಲೆ ಮಣ್ಣು ಮುಚ್ಚಿದೆ. ಗೋಡೆ ಗಟ್ಟಿಯಾಯಿತು ಅಂತ ಆವತ್ತು ಚೆನ್ನಾಗಿ ನಿದ್ದೆ ಮಾಡಿದೆ. ನೀನು ಆ ಗಟ್ಟಿ ನೋಡಿ ನನ್ನ ಮುಖ ನೋಡಿದಾಗಲೇ ನಿನಗೆ ತಿಳಿಯಿತು. ತಿಳಿದೂ ಊರ ಮುಂದೆ ಬಾಯಿಬಿಡಲಿಲ್ಲ. ನಿನ್ನ ಆ ಮೌನಕ್ಕೆ ನಾನು ಕೊಟ್ಟಿದ್ದು ಆ ಮಾತು.

ಅಂದಿದ್ದು ಎಲ್ಲರ ಮುಂದೆ, ಹಾಗಾಗಿ ಇದನ್ನೂ ಎಲ್ಲರ ಮುಂದೆ ಹೇಳಬೇಕು ಅನ್ನಿಸಿತು. ಇವತ್ತು ಬೆಳಿಗ್ಗೆ ಕಟ್ಟೆಗೆ ಹೋಗಿ, ಬಾಚಿಚ್ಚ ಇಸ್ಪೀಟು ಕಾರ್ಡು ಕಲಸುತ್ತಿದ್ದಾಗ, ನಿಂತೇ ಹೇಳಿದೆ. ಬಾಚಿಚ್ಚ ಕಾರ್ಡು ಕೆಳಗಿಟ್ಟ. ಇಲ್ಲಿ ಹುಟ್ಟಿದವಳು ಸಿಮೆಂಟ್ ಸುರಿದಳು, ಅವನು ಕಲ್ಲನ್ನೇ ನಂಬಿದ, ಹಾಗಾದ್ರೆ ನಮ್ಮ ಪೈಕಿ ಹೊರಗಿನವಳು, ಫೊರೆಸ್ತಾ, ನೀನೇ ಅಲ್ವೇನೇ ಅಂದ. ಹೌದು ಅಂದೆ. ಆಮೇಲೆ ಅವನು ಎದ್ದು, ನಡಿ, ಎಲ್ಲಿ ಸುರಿದೆ ತೋರ್ಸು ಅಂತ ಕೋಲು ತೆಗೆದುಕೊಂಡ. ಆ ವಯಸ್ಸಿನಲ್ಲಿ ತೋಟದವರೆಗೆ ಹತ್ತಿದ, ದಾರಿಯುದ್ದಕ್ಕೂ ಎಲ್ಲಿ ಬೀಳುತ್ತಾನೋ ಅಂತ ಅವನ ಹಿಂದೆಯೇ ಕೈ ಚಾಚಿಕೊಂಡು ಹತ್ತಿದೆ.

ಮೂರು ಚೀಲ ಗೋಡೆಯ ಉದ್ದಕ್ಕೂ ಸಾಲಲಿಲ್ಲ, ಸೆಕೊಂದೊ. ತೆಂಕಣ ಮೂಲೆಯಲ್ಲಿ ನಾಲ್ಕು ಮೊಳ ಸಿಮೆಂಟ್ ಇಲ್ಲದೆ ಹಾಗೇ ಉಳಿದಿತ್ತು, ಇನ್ನೊಂದು ಚೀಲ ತರಬೇಕು ಅಂದುಕೊಳ್ಳುವಷ್ಟರಲ್ಲಿ ನೀನು ವಾಪಸ್ ಬಂದೆ. ಆ ನಾಲ್ಕು ಮೊಳ ಐದು ಮಳೆಗಾಲ ಕಂಡು ಇನ್ನೂ ನಿಂತಿದೆ. ಬಾಚಿಚ್ಚ ಅದನ್ನು ಕೈಯಿಂದ ತಡವಿದ, ಆಮೇಲೆ ಕಾಲೆತ್ತಿ ನಮ್ಮಪ್ಪನ ಹಾಗೆ ಒಂದು ಒದ್ದ. ಒಂದು ಕಲ್ಲೂ ಅಲುಗಲಿಲ್ಲ.