ನಾಣ್ಯದಡಿಯ ಚೀಟಿಗಳು

ಫೆಬ್ರವರಿ 8, 1994, ಮಂಗಳವಾರ. ಸಂಜೆ ಐದೂವರೆ

ಬೆಳಿಗ್ಗೆ ಓಟ್ಸ್ ಗಂಜಿ. ಮಧ್ಯಾಹ್ನ ಮಿಕ್ಕಿದ ಅದೇ ಗಂಜಿ. ಕಲ್ಲಿದ್ದಲಿನವನು ಬಂದು ಎರಡು ಮೂಟೆ ಇಳಿಸಿ ಹೋದ. ಆಮೇಲೆ ಇಡೀ ದಿನ ಏವಿಸ್‌ಳ ನಾಣ್ಯದ ಪೆಟ್ಟಿಗೆಯ ಮುಂದೆ.

ಹನ್ನೆರಡು ತೆಳು ಸೆಳೆಖಾನೆ. ಒಂದೊಂದರಲ್ಲೂ ಸಾಲಾಗಿ ದುಂಡನೆಯ ಗುಳಿ. ಗುಳಿಯಲ್ಲಿ ಮೊದಲು ಗುಂಡಗೆ ಕತ್ತರಿಸಿದ ಚೀಟಿ, ಅದರ ಮೇಲೆ ನಾಣ್ಯ. ಚೀಟಿಯಲ್ಲಿ ಯಾವ ರಾಜ, ಯಾವ ವರ್ಷ, ಎಷ್ಟು ಸವೆದಿದೆ. ಕಪ್ಪು ಶಾಯಿ. ಇರುವೆಗಿಂತ ಸಣ್ಣ ಅಕ್ಷರ.

ನವೆಂಬರಿನಲ್ಲಿ, ಆಸ್ಪತ್ರೆಯಲ್ಲಿ, ಸಾಯುವ ಮುಂಚೆ ಹೇಳಿದ್ದಳು: “ಮಾರಿಬಿಡು, ಲೆನ್. ಪೆಟ್ಟಿಗೇಲೇ ಇದ್ರೆ ಯಾರು ನೋಡ್ತಾರೆ?” ಹೂಂ ಎಂದಿದ್ದೆ.

ನಾಣ್ಯ ಹೋಗಲಿ. ಚೀಟಿ ಮಾತ್ರ ಕೊಡುವುದಿಲ್ಲ. ಮನೆಯಲ್ಲಿ ಅವಳ ಕೈಬರಹ ಬೇರೇನೂ ಇಲ್ಲ — ಮದುವೆಯಾದ ಮೇಲೆ ಪತ್ರ ಬರೆಯುವಷ್ಟು ದೂರ ನಾವಿಬ್ಬರೂ ಎಂದೂ ಹೋದವರಲ್ಲ. ಗೋಂದು ತಂದೆ. ಹೊಸ ನೋಟುಪುಸ್ತಕ. ಇನ್ನೂರಾರು ಚೀಟಿ, ಒಂದೊಂದಾಗಿ ಅಂಟಿಸಿದೆ. ಬೆನ್ನು ನೋಯುತ್ತಿದೆ.

ಫೆಬ್ರವರಿ 11, ಶುಕ್ರವಾರ

ಹ್ಯಾರೋಗೇಟ್‌ಗೆ ಪೆಟ್ಟಿಗೆ ಒಯ್ದೆ. ಹರಾಜಿನ ಮನೆಯಲ್ಲಿ ಬೆಲೆ ಕಟ್ಟುವವಳು ಮಿಸ್ ಹೆಬ್ಡನ್. ಮೂವತ್ತೂ ಇರಲಾರದು. ನಾಣ್ಯವನ್ನು ಅಂಚಿನಲ್ಲೇ ಹಿಡಿಯುತ್ತಾಳೆ, ಏವಿಸ್ ಹಿಡಿಯುತ್ತಿದ್ದ ಹಾಗೆ. ವಿಕ್ಟೋರಿಯಾ ರಾಣಿಯ ಕಿವಿಯ ಮೇಲಿನ ಕೂದಲನ್ನು ಭೂತಗನ್ನಡಿಯಲ್ಲಿ ನೋಡುತ್ತಾಳೆ. ಮೊದಲು ಸವೆಯುವುದು ಅಲ್ಲೇ.

ಚೀಟಿ ಎಲ್ಲಿ ಎಂದು ಕೇಳಿದಳು. ಇರಲಿಲ್ಲ ಎಂದೆ.

ದಾರಿಯಲ್ಲಿ ಪೆಟ್ರೋಲ್ ಹಾಕಿಸಿದೆ.

ಫೆಬ್ರವರಿ 19, ಶನಿವಾರ

ಕ್ಲೆಗ್ ಬಂದಿದ್ದ. ನಾಣ್ಯ ಸಂಘದ ಅಧ್ಯಕ್ಷ, ಏವಿಸ್ ಮೂವತ್ತು ವರ್ಷ ಹೋಗುತ್ತಿದ್ದ ಸಂಘ. ಪೆಟ್ಟಿಗೆ ಹರಾಜಿಗೆ ಹೋಯಿತು ಅಂದದ್ದಕ್ಕೆ ನಕ್ಕ. ಹರಾಜಿನವರಿಗೆ ಯಾಕೆ ಕಷ್ಟ, ತಾನೇ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದೆ ಅಂದ.

“ತಪ್ಪು ತಿಳ್ಕೋಬೇಡ, ಲೆನ್. ಏವಿಸ್ ಒಳ್ಳೇ ಹೆಂಗಸು. ಅವಳ ಕೈ ಚಹಾ ನಮ್ಮ ಸಂಘದಲ್ಲಿ ಇನ್ನು ಯಾರಿಗೂ ಬರಲ್ಲ. ಆದ್ರೆ ನಾಣ್ಯ ಅಂದ್ರೆ... ಶಾಲೆ ಅಡುಗೆಮನೇಲಿ ಸಾರು ಬಡಿಸ್ತಿದ್ದೋಳು, ಅಂಗಿ ಗುಂಡಿ ಡಬ್ಬಿ ಥರ ಏನೋ ಕೂಡಿಟ್ಟಿರ್ತಾಳೆ.”

ಚಹಾ ಕೊಡಲಿಲ್ಲ. ಅವನು ಕಾದು ನೋಡಿದ. ಎದ್ದು ಹೋದ.

ಮಾರ್ಚ್ 2, ಬುಧವಾರ. ಹನ್ನೊಂದು ಗಂಟೆ

ಮಿಸ್ ಹೆಬ್ಡನ್‌ಳ ಫೋನು. ಮೂರನೇ ಜಾರ್ಜನ ಅರ್ಧ ಪೆನ್ನಿಯೊಂದರ ವಿಷಯ. ಅದರಡಿ ಬೇರೆಯವರ ಎರಡು ಹಳೇ ಚೀಟಿಗಳಿದ್ದವು. ಏವಿಸ್‌ಳವಲ್ಲ ಎಂದು ನಾನು ಮುಟ್ಟಿರಲಿಲ್ಲ.

“ಒಂದು 1911ರಲ್ಲಿ ಒಬ್ಬ ಪಾದ್ರಿ ಬರೆದದ್ದು, ಇನ್ನೊಂದು 1938ರಲ್ಲಿ ಡಾಕ್ಟರೊಬ್ರು ಬರೆದದ್ದು. ಆಮೇಲೆ ಯಾರೂ ಇಲ್ಲ. ಬೇರೆಯವ್ರ ಚೀಟೀನ ಇಷ್ಟು ಜೋಪಾನ ಮಾಡಿದವರು ತಮ್ಮದು ಬರೀದೆ ಬಿಡ್ತಾರಾ, ಮಿಸ್ಟರ್ ಸಗ್ಡನ್?”

ಅವಳು ಬೈಯಲಿಲ್ಲ. ನಿಧಾನವಾಗಿ ಹೇಳಿದಳು. ಚೀಟಿ ನಾಣ್ಯದ ಜೊತೆಗೇ ಹೋಗುವುದು ನಾಣ್ಯ ಕೂಡಿಡುವವರ ಪದ್ಧತಿ. ಕೊಂಡವನು ಹಳೆಯದನ್ನು ಎಸೆಯುವುದಿಲ್ಲ, ಅದರ ಮೇಲೆ ತನ್ನದನ್ನು ಇಡುತ್ತಾನೆ. ಚೀಟಿ ಇದ್ದರೆ ಹರಾಜಿನ ಕ್ಯಾಟಲಾಗಿನಲ್ಲಿ ಬೇರೆಯೇ ಪುಟ, ಮೇಲೆ ‘ಏವಿಸ್ ಸಗ್ಡನ್ ಸಂಗ್ರಹ’ ಎಂದು ಹೆಸರು. ಇಲ್ಲದಿದ್ದರೆ ಯಾರು ಆರಿಸಿದ್ದು, ಎಲ್ಲಿಂದ ಬಂದದ್ದು ಹೇಳಲಾಗುವುದಿಲ್ಲ. ಹೆಚ್ಚಿನವನ್ನು ‘ಇತರೆ’ ಎಂದು ಹತ್ತಿಪ್ಪತ್ತು ಸೇರಿಸಿ ಮಾರಬೇಕಾಗುತ್ತದೆ. ಹದಿನಾಲ್ಕನೇ ತಾರೀಕು ಕ್ಯಾಟಲಾಗು ಮುದ್ರಣಕ್ಕೆ ಹೋಗುತ್ತದಂತೆ.

ಹುಡುಕಿ ನೋಡುತ್ತೇನೆ ಎಂದೆ. ನೋಟುಪುಸ್ತಕ ಮೊಣಕೈ ಪಕ್ಕದಲ್ಲೇ ಇತ್ತು.

ಮಾರ್ಚ್ 3, ಗುರುವಾರ

ಭಾನುವಾರಗಳಲ್ಲಿ ಹಳೇ ಕ್ಯಾಟಲಾಗು ಓದುತ್ತಿದ್ದಳು, ಬೇರೆಯವರು ಕಾದಂಬರಿ ಓದುವ ಹಾಗೆ. ಒಮ್ಮೆ ಒಂದು ಕಟ್ಟು ನನ್ನ ಮಡಿಲಿಗೆ ಹಾಕಿ, “ಸಂಗ್ರಹದ ಹೆಸರುಗಳಲ್ಲಿ ಹೆಂಗಸ್ರದ್ದು ಎಷ್ಟಿದೆ ಹುಡುಕು” ಎಂದಳು. ಸಂಜೆಯವರೆಗೆ ಹುಡುಕಿ ಒಂದು ಸಿಕ್ಕಿತು.

“ಅದು ಡ್ಯೂಕನ ಹೆಂಡ್ತಿ. ಲೆಕ್ಕಕ್ಕಿಲ್ಲ” ಅಂದಳು.

ನಗುತ್ತಲೇ ಅಂದಿದ್ದಳು. ಆದರೂ.

ಮಾರ್ಚ್ 5, ಶನಿವಾರ

ಲೈಬ್ರರಿಯಲ್ಲಿ ನೋಟುಪುಸ್ತಕದ ಜೆರಾಕ್ಸ್ ತೆಗೆಸಿದೆ. ಸಾಲು ಸಾಲು ಕಪ್ಪು ಕಲೆ. ಅವಳ ‘ಜಿ’ ಅಕ್ಷರದ ಬಾಲ ಎಲ್ಲೂ ಮೂಡಿಲ್ಲ. ಮನೆಗೆ ಬಂದು ಒಲೆಗೆ ಹಾಕಿದೆ.

ಮಾರ್ಚ್ 12, ಶನಿವಾರ. ಮಧ್ಯಾಹ್ನ ಮೂರು

ಬೆಳಿಗ್ಗೆ ಎಂಟರಿಂದ ಕೆಟಲ್ ಕುದಿಯುತ್ತಲೇ ಇದೆ. ಹಬೆಗೆ ಪುಟ ಹಿಡಿದು, ಬೆಣ್ಣೆ ಸವರುವ ಚಾಕುವಿನಿಂದ ಎಬ್ಬಿಸಬೇಕು. ಎರಡು ಹರಿದವು. ಚೂರುಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟೆ.

ಹಿಂಬದಿಯಲ್ಲೂ ಬರಹವಿದೆ.

ಗೋಂದು ಸವರಿದ್ದು ಪುಟಕ್ಕೆ, ಅಂಟಿಸುವಾಗ ಚೀಟಿ ಒಂದನ್ನೂ ತಿರುಗಿಸಿ ನೋಡಿರಲಿಲ್ಲ. ಸೀಸದಕಡ್ಡಿಯಲ್ಲಿ ಬರೆದಿದ್ದಾಳೆ. ಗೋಂದಿನಡಿ ಮಂಕಾಗಿದೆ, ಅಳಿಸಿಲ್ಲ. ಎಲ್ಲಿ ಕೊಂಡದ್ದು, ಯಾವ ದಿನ.

‘ಹಲ್, ಮೇ 1967. ಲೆನ್ ಹೊರಗೆ.’

‘ಸ್ಕಾರ್ಬರೋ. ಮಳೆ. ಲೆನ್ ಹೊರಗೆ, ಕಾರಿನಲ್ಲಿ.’

‘ಯಾರ್ಕ್. ಕ್ಲೆಗ್ ಗಮನಿಸದೆ ಬಿಟ್ಟ ನಾಣ್ಯವನ್ನು ನಾನು ಕಂಡೆ. ಹೇಳಲು ಯಾರೂ ಇರಲಿಲ್ಲ. ಲೆನ್ ಹೊರಗೆ.’

ಮೊದಲು ಎಣಿಸುತ್ತಿದ್ದೆ. ಮೂವತ್ತಾದ ಮೇಲೆ ಬಿಟ್ಟೆ.

ಅಂಗಡಿ, ಸಂತೆ, ಹರಾಜು — ಎಲ್ಲ ಕಡೆಗೂ ನಾನೇ ಕಾರಿನಲ್ಲಿ ಕರೆದೊಯ್ದೆ. ಒಂದು ಸಲವೂ ತಪ್ಪಿಸಲಿಲ್ಲ. ಫ್ಲಾಸ್ಕು, ಪೇಪರು ಇಟ್ಟುಕೊಂಡು ಹೊರಗೆ ಕೂರುತ್ತಿದ್ದೆ. ಕೌನ್ಸಿಲ್ಲಿನ ರಸ್ತೆ ಕೆಲಸದವನು ನಾನು. ಉಗುರಿನ ಸಂದಿಯ ಡಾಂಬರು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅಂಥ ಕೈ ಇಟ್ಟುಕೊಂಡು ಆ ಜನರ ಮಧ್ಯೆ ನಿಂತರೆ ಅವಳಿಗೆ ಅವಮಾನ ಎಂದುಕೊಂಡಿದ್ದೆ. ಅವಳ ದಿನ, ಅವಳ ಪಾಡಿಗಿರಲಿ ಎಂದು. ಅದನ್ನು ಒಳ್ಳೆಯತನ ಎಂದೇ ನಂಬಿದ್ದೆ.

ಅಷ್ಟು ಚೀಟಿಗಳಲ್ಲಿ ಒಂದು:

‘ಡಾರ್ಲಿಂಗ್ಟನ್, 1979. ಒಳಗೆ ಬಾ ಎಂದೆ. ಬೂಟು ಕೆಸರು ಎಂದ. ಲೆನ್ ಅಂದು ಬೂಟೇ ಹಾಕಿರಲಿಲ್ಲ.’

ಕೆಟಲ್ ಆರಿಸಿದೆ.

ಮಾರ್ಚ್ 13, ಭಾನುವಾರ

ಉಳಿದವನ್ನೂ ಬಿಡಿಸಿದೆ. ಮೇಜಿನ ಮೇಲೆ ಒಣಗುತ್ತಿವೆ. ಕಿಟಕಿ ತೆಗೆಯಲಿಲ್ಲ, ಹಾರಿಹೋದಾವು ಎಂದು. ಊಟ ನಿಂತುಕೊಂಡೇ ಆಯಿತು.

ಕೊಡದೆ ಇದ್ದುಬಿಡಬಹುದು. ಯಾರೂ ಕೇಳುವವರಿಲ್ಲ. ಈಗಂತೂ ಇವು ಬರೀ ಅಕ್ಷರವಲ್ಲ, ನನಗೆ ಹೇಳಿದ ಮಾತು. ಆದರೆ ನನಗೆ ಮಾತ್ರ ಹೇಳಬೇಕಿದ್ದರೆ ಅಡುಗೆಮನೆಯಲ್ಲೇ ಹೇಳುತ್ತಿದ್ದಳು. ಪಾದ್ರಿಯ ಚೀಟಿಯನ್ನು ಅವಳು ಓದಿದ ಹಾಗೆ ಇನ್ಯಾರೋ ಓದುತ್ತಾರೆ ಎಂದು ಗೊತ್ತಿದ್ದೇ ಬರೆದಳು.

ಓದಲಿ ಬಿಡು. ಇದ್ದದ್ದೇ ತಾನೆ.

ಮಾರ್ಚ್ 14, ಸೋಮವಾರ

ಹತ್ತಕ್ಕೆ ಮಿಸ್ ಹೆಬ್ಡನ್‌ಳ ಮೇಜಿನ ಮೇಲೆ ಚೀಟಿ ತುಂಬಿದ ಬಿಸ್ಕತ್ತಿನ ಡಬ್ಬಿ ಇಟ್ಟೆ. ಚೀಟಿ ಇರಲಿಲ್ಲ ಎಂದದ್ದು ಸುಳ್ಳು, ನಾನೇ ಅಂಟಿಸಿಕೊಂಡಿದ್ದೆ ಎಂದೆ. ಅವಳು ಒಂದೆರಡು ತಿರುಗಿಸಿ ಓದಿದಳು. ಮತ್ತೆ ಹತ್ತಿಪ್ಪತ್ತು ಓದಿದಳು. ನನ್ನ ಮುಖ ನೋಡಲಿಲ್ಲ. ಅದೊಂದು ಉಪಕಾರ.

ಯಾವ ಚೀಟಿ ಯಾವ ನಾಣ್ಯದ್ದು ಎಂದು ಇಬ್ಬರೂ ಕೂತು ಹೊಂದಿಸಿದೆವು. ನಾಲ್ಕು ತಾಸು. ಕೊನೆಗೆ ಹರಿದ ಎರಡನ್ನು ನನ್ನ ಕಡೆ ಸರಿಸಿದಳು.

“ಇದ್ರಲ್ಲಿ ಒಂದು ನೀವಿಟ್ಕೊಳ್ಳಿ. ನಾನು ಎಣಿಸಿಲ್ಲ.”

“ಬೇಡಮ್ಮ. ಸಾಲಿನಲ್ಲಿ ಒಂದು ಗುಳೀಲಿ ಚೀಟಿ ಇಲ್ದಿದ್ರೂ ಅವಳಿಗೆ ಆಗ್ತಿರ್ಲಿಲ್ಲ.”

ಖಾಲಿ ಡಬ್ಬಿ ತೆಗೆದುಕೊಂಡು ಬಂದೆ.

ಏಪ್ರಿಲ್ 20, ಬುಧವಾರ

ಕ್ಯಾಟಲಾಗು ಬಂತು. ಮೂರು ಪುಟ. ಮೇಲೆ ದಪ್ಪ ಅಕ್ಷರದಲ್ಲಿ ಅವಳ ಹೆಸರು. ‘ಎಲ್ಲವೂ ಸಂಗ್ರಾಹಕಿಯ ಚೀಟಿಯೊಂದಿಗೆ’ ಎಂದಿದೆ. ಅರ್ಧ ಪೆನ್ನಿಯ ಚಿತ್ರವೂ ಉಂಟು, ಪಕ್ಕದಲ್ಲಿ ಮೂರು ಚೀಟಿ — ಪಾದ್ರಿ, ಡಾಕ್ಟರು, ಏವಿಸ್. ಮುಂಬದಿ ಮಾತ್ರ ಹಾಕಿದ್ದಾರೆ.

ಸಂಜೆ ಕ್ಲೆಗ್‌ನ ಫೋನು. ಅವನಿಗೂ ಒಂದು ಪ್ರತಿ ಹೋಗಿದೆ.

“ಮೂರು ಪುಟ, ಮಾರಾಯ. ಇಂಥವೆಲ್ಲ ಅವಳ ಹತ್ರ ಇದ್ದಿದ್ದು ನಮಗೆ ಗೊತ್ತೇ ಇರ್ಲಿಲ್ಲ.”

“ನೀನು ಕೇಳಿರ್ಲಿಲ್ಲ” ಎಂದೆ.

ಫೋನು ಇಟ್ಟೆ. ನಾನೂ ಕೇಳಿರಲಿಲ್ಲ.

ಮೇ 11, ಬುಧವಾರ. ಸಂಜೆ ಐದು

ಶರ್ಟಿಗೆ ಇಸ್ತ್ರಿ ಹಾಕಿದೆ. ಕಾಲರು ಹಾಗೇ ಮುದುರಿತು, ಮತ್ತೆ ಹಾಕಿದೆ. ಎರಡು ಆಲೂಗಡ್ಡೆ ಬೇಯಿಸಿಕೊಂಡೆ. ಆಮೇಲೆ ಮಿಸ್ ಹೆಬ್ಡನ್‌ಗೆ ಫೋನು ಮಾಡಿದೆ — ಏನೂ ಕೊಳ್ಳದವರು ಒಳಗೆ ಬರಬಹುದೇ ಎಂದು ಕೇಳಲು. ಕೇಳಿ ಮುಗಿಸುವಷ್ಟರಲ್ಲಿ ಬೆವರಿದ್ದೆ.

“ಬನ್ನಿ, ಮಿಸ್ಟರ್ ಸಗ್ಡನ್. ಕುರ್ಚಿಗಳಿವೆ. ಕೈ ಒಂದು ಎತ್ತಬೇಡಿ, ಅಷ್ಟೆ.”

ಹರಾಜು ನಾಳೆ ಹತ್ತಕ್ಕೆ. ಒಂಬತ್ತಕ್ಕೇ ಬಾಗಿಲು ತೆಗೆಯುತ್ತಾರೆ.