ಕಾಗೆಗೆ ಮಾತ್ರ ಲೆಕ್ಕ ತಪ್ಪುವುದಿಲ್ಲ

ಅಪ್ಪನಿಗೆ, ಗಲ್ಫಿನ ಬರ್ಕಾದಿಂದ ಲೋಕು.

ಹಾಸ್ಟೆಲಿನಿಂದ ನಿಮಗೆ ಕಾಗದ ಬರೆಯುವಾಗ ‘ಇಲ್ಲಿ ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಶುರು ಮಾಡುತ್ತಿದ್ದೆ. ಇವತ್ತೂ ಅಷ್ಟು ಬರೆಯಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಇಲ್ಲಿ ನಾನು ಕ್ಷೇಮ. ಮುಂದಿನದನ್ನು ಹೇಗೆ ಕೇಳುವುದು? ಮನೆಯಲ್ಲಿ ನಾವು ಆಡಿದ್ದೆಲ್ಲ ತುಳು, ಬರೆದದ್ದೆಲ್ಲ ಕನ್ನಡ, ಆದ್ದರಿಂದ ಇದೂ ಕನ್ನಡದಲ್ಲೇ ಇರಲಿ. ಇವತ್ತು ಊರಿನಲ್ಲಿ ನಿಮ್ಮ ಉತ್ತರಕ್ರಿಯೆ, ನಮ್ಮ ಬಾಯಲ್ಲಿ ಬೊಜ್ಜ. ತಮ್ಮ ಜಯ ಅಲ್ಲಿ ಎಲ್ಲವನ್ನೂ ಮಾಡಿದ. ಹಿರಿಮಗ ನಾನು ಇಲ್ಲಿ ತೋಟದಲ್ಲಿ ಒಂದು ಎಲೆ ಇಟ್ಟೆ. ಆ ಎಲೆಗೆ ಏನಾಯಿತೆಂದು ಅಮ್ಮನಿಗೆ ಅರ್ಧ ಹೇಳಿದ್ದೇನೆ. ಪೂರ್ತಿ ಹೇಳಬೇಕಾದದ್ದು ನಿಮಗೆ, ಯಾಕೆಂದರೆ ಇದು ಬೆಡಿಯ ವಿಷಯ. ಕೋವಿ ಎಂದು ಊರೆಲ್ಲ ಹೇಳಿದರೂ ನಮ್ಮ ಮನೆಯಲ್ಲಿ ಅದು ಬೆಡಿಯೇ ತಾನೇ?

ಭಾನುವಾರ ಬೆಳಿಗ್ಗೆ ನೀವು ಜಗಲಿಯಲ್ಲಿ ಕೂತು ಆ ಜೋಡುನಳಿಗೆಯ ಬೆಡಿಯನ್ನು ನಡುವಿನ ಕೀಲಿನಲ್ಲಿ ಮುರಿದು ತೆರೆದು ಎರಡೂ ನಳಿಗೆಗಳನ್ನು ಆಕಾಶಕ್ಕೆ ಹಿಡಿಯುತ್ತಿದ್ದಿರಿ. “ನೋಡು, ಒಳಗೆ ಎಂತ ಕಾಣ್ತದೆ?” ಎಂದು ನನ್ನನ್ನೂ ಜಯನನ್ನೂ ಕರೆಯುತ್ತಿದ್ದಿರಿ. ಬೆಳಕು ಉಂಗುರ ಉಂಗುರವಾಗಿ ಕಾಣುತ್ತಿತ್ತು. ಒಂದು ಉಂಗುರ ಮಸುಕಾಗಿದ್ದರೂ ಮತ್ತೆ ತೆಂಗಿನೆಣ್ಣೆಯ ಬಟ್ಟೆ ಒಳಗೆ ಹೋಗುತ್ತಿತ್ತು. ಬಲಗಡೆಯ ನಳಿಗೆ ಹತ್ತಿರದ ಹಕ್ಕಿಗೆ, ಎಡಗಡೆಯದರ ಬಾಯಿ ಬಿಗಿ, ಅದು ದೂರಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಲೆಕ್ಕ ಬೇರೆ. ಮೊದಲನೆಯದು ಹಕ್ಕಿಗೆ, ಎರಡನೆಯದು ಅದೇ ಹಕ್ಕಿ ಗಾಯವಾಗಿ ಒದ್ದಾಡಿದರೆ. ಇನ್ನೊಂದು ಹಕ್ಕಿಗೆ ಅಲ್ಲವೇ ಅಲ್ಲ. ಹಾಗಾಗಿ ನಿಮ್ಮ ಎರಡನೆಯ ತೋಟೆ ಎಷ್ಟೋ ಸಲ ಹಾಗೆಯೇ ಕಿಸೆಗೆ ಬಂದು ಮನೆ ಸೇರುತ್ತಿತ್ತು, ಅಮ್ಮ ಅಂಗಿ ಒಗೆಯುವಾಗ ಬೈಯುತ್ತಿದ್ದಳು.

ಗೋಳಿಮರದ ಬುಡದಲ್ಲಿ ತೆಂಗಿನ ಮಡಲು ಕಟ್ಟಿ ಮರೆ ಮಾಡಿದ್ದು ನೆನಪುಂಟಾ? ಹಸಿರು ಪಾರಿವಾಳಗಳಿಗೆ ಕಾಯುವುದಕ್ಕೆ. ಆಗಿನ್ನೂ ನೀವು ಹಕ್ಕಿ ಹೊಡೆಯುವುದನ್ನು ಬಿಟ್ಟಿರಲಿಲ್ಲ. ನನ್ನನ್ನು ಒಟ್ಟಿಗೆ ಕರೆದುಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ “ನೀನು ಮನೆಗೆ ಹೋಗು” ಎನ್ನುತ್ತಿದ್ದಿರಿ. ನನಗೆ ಅಳು ಬರುವಷ್ಟು ಸಿಟ್ಟು. ಆಮೇಲೊಂದು ದಿನ ಹೇಳಿದಿರಿ.

“ಇಬ್ಬರು ಒಳಗೆ ಹೋಗಿ ಒಬ್ಬ ಹೊರಗೆ ಬಂದ್ರೆ ಹಕ್ಕಿಗೆ ಲೆಕ್ಕ ತಪ್ತದೆ ಮಾರಾಯ. ಮರೆಯಲ್ಲಿ ಯಾರೂ ಇಲ್ಲ ಅಂತ ಬಂದು ಕೂತುಕೊಳ್ತದೆ.”

“ಎಲ್ಲ ಹಕ್ಕಿಗೂ ತಪ್ತದಾ?”

“ಕಾಗೆಗೆ ಮಾತ್ರ ತಪ್ಪುದಿಲ್ಲ. ಅದು ನಿನ್ನನ್ನೂ ಲೆಕ್ಕ ಹಾಕ್ತದೆ, ನಿನ್ನ ಮುಖವನ್ನೂ ಬರೆದಿಟ್ಟುಕೊಳ್ತದೆ.”

ಅದೇ ವರ್ಷ ಇರಬೇಕು, ಪಕ್ಕದ ಗದ್ದೆಯವರು ಒಂದು ಕಾಗೆ ಹೊಡೆದು ಕೋಲಿಗೆ ನೇತುಹಾಕಿದ್ದರು. ನೀವು ಕೇಳದೆ ಹೇಳದೆ ಹೋಗಿ ಅದನ್ನು ಇಳಿಸಿ ಹೂತು ಬಂದಿರಿ. ಅವರು ಜಗಳಕ್ಕೆ ಬಂದಾಗ ನೀವು ಒಂದೇ ಮಾತು ಕೇಳಿದಿರಿ, “ನಾಳೆ ನಮಗೆ ಅನ್ನ ಇಟ್ಟರೆ ತಿನ್ನಲಿಕ್ಕೆ ಯಾರು ಬರ್ಬೇಕು?” ಅವರು ಬಂದ ದಾರಿಯಲ್ಲೇ ಹಿಂದೆ ಹೋದರು. ಬೆಡಿ ಇದ್ದವರ ಬಾಯಲ್ಲಿ ಆ ಮಾತು ಬಂದದ್ದಕ್ಕೋ ಏನೋ...

ನೀವು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದಿದ್ದಾಗ ನಮ್ಮ ತೋಟದ ಯಜಮಾನರು, ನಾವು ಅರ್ಬಾಬ್ ಎನ್ನುವ ಸಯೀದ್, ನಿಮಗೆ ಖರ್ಜೂರ, ಕಹ್ವಾ ಕಾಫಿ ಕೊಟ್ಟು ಏನು ಮಾತಾಡುವುದೆಂದು ತಿಳಿಯದೆ ಕೂತಿದ್ದರು. ನಾನು ನಿಮ್ಮ ಬೆಡಿಯ ಸಂಗತಿ ಹೇಳಿದೆ. ಅವರು ಎದ್ದು ಒಳಗೆ ಹೋಗಿ ತಮ್ಮದನ್ನು ತಂದರು. ಅದೂ ಜೋಡುನಳಿಗೆ, ಅವರ ಅಪ್ಪನ ಕಾಲದ್ದು. ನೀವು ಮುರಿದು, ಖಾಲಿ ಇದೆಯೆಂದು ನೋಡಿ, ಬಾಗಿಲ ಬೆಳಕಿಗೆ ಹಿಡಿದು, ಮೂಸಿ, ಮುಖ ಹಿಂಡಿದಿರಿ. “ಕಾರಿನ ಎಣ್ಣೆ ಹಾಕ್ತಾರೆ ಲೋಕು. ತೆಂಗಿನೆಣ್ಣೆ ಹಾಕ್ಲಿಕ್ಕೆ ಹೇಳು.” ನಾನು ಹೇಳಿದಾಗ ಅವರು ಗಡ್ಡ ಅಲ್ಲಾಡುವಷ್ಟು ನಕ್ಕು ತಲೆ ಸವರಿಕೊಂಡು ತೋರಿಸಿದರು, ತಲೆಗೆ ಹಾಕುವುದನ್ನು ಬಂದೂಕಿಗೆ ಹಾಕುವುದೇ ಎಂದು. ಅವರೂ ಹಿಂದೆ ಬೆಟ್ಟದ ಬುಡದ ಬಯಲಿನಲ್ಲಿ ಹಕ್ಕಿ ಹೊಡೆದವರು, ಕಾನೂನು ಬಿಗಿಯಾದ ಮೇಲೆ ಬಿಟ್ಟವರು. ನೀವು ತುಳುವಿನಲ್ಲಿ, ಅವರು ಅರಬಿಯಲ್ಲಿ, ಹಾರುವ ಹಕ್ಕಿಯ ಎಷ್ಟು ಮುಂದಕ್ಕೆ ಗುರಿ ಇಡಬೇಕೆಂದು ಕೈಯಲ್ಲೇ ತೋರಿಸಿಕೊಂಡು ಸಂಜೆ ಮಾಡಿದಿರಿ. ನನ್ನ ಅವಶ್ಯಕತೆಯೇ ಇರಲಿಲ್ಲ. ಮರುದಿನದಿಂದ ಆ ಬೆಡಿಗೆ ತೆಂಗಿನೆಣ್ಣೆ. ಈಗಲೂ.

ಆ ಬೆಡಿ ಮತ್ತೆ ಕೆಲಸಕ್ಕೆ ಇಳಿದದ್ದು ಕಾಗೆಗಳಿಂದ. ಇಲ್ಲಿ ಕಾಗೆ, ಗೊರವಂಕ ಎರಡೂ ಕಾಟದ ಹಕ್ಕಿಗಳು. ಕೋಳಿಮರಿ ಬಿಡುವುದಿಲ್ಲ, ಖರ್ಜೂರದ ಗೊನೆ ಬಿಡುವುದಿಲ್ಲ. ಅರ್ಬಾಬ್ ಅವನ್ನು ‘ಘುರಾಬ್ ಹಿಂದಿ’ ಎನ್ನುತ್ತಾರೆ, ಭಾರತದ ಕಾಗೆ. “ಯೇ ತುಮ್ಹಾರಾ ಮುಲ್ಕ್ ವಾಲಾ, ಲೋಕು. ವೀಸಾ ನಹೀ, ಕಫೀಲ್ ನಹೀ” ಎಂದು, ನಿಮ್ಮ ದೇಶದ್ದು, ವೀಸಾ ಇಲ್ಲ, ಹೊಣೆ ಹೊರುವ ಯಜಮಾನನೂ ಇಲ್ಲ ಎಂದು ನನ್ನನ್ನು ಚುಡಾಯಿಸುತ್ತಲೇ ತೋಟೆ ತುಂಬುತ್ತಾರೆ. ಹೊಡೆಯುವುದು ಅವರು, ಲೈಸೆನ್ಸ್ ಅವರದ್ದು. ಬಿದ್ದದ್ದನ್ನು ಹೆಕ್ಕುವುದು ಸೂಪರ್‌ವೈಸರ್ ನಾನು. ಕಾಲಿಗೆ ದಾರ ಕಟ್ಟಿ ಕೋಳಿಗೂಡಿನ ಹತ್ತಿರದ ಕಂಬಕ್ಕೆ ತೂಗುಹಾಕಿದರೆ ಒಂದಷ್ಟು ದಿನ ಉಳಿದವು ಹತ್ತಿರ ಬರುವುದಿಲ್ಲ. ನೀವು ವೀಡಿಯೊ ಕಾಲ್‌ನಲ್ಲಿ ಅದನ್ನು ನೋಡಿದಿರಿ. “ಅದು ಎಂತ ನೇತಾಡುದು?” ಎಂದಿರಿ. ಕಾಗೆ ಎಂದೆ. ನೀವು ಬೈಯುತ್ತೀರಿ ಅಂದುಕೊಂಡಿದ್ದೆ. “ಬೆಡಿಗೆ ಎಣ್ಣೆ ಹಾಕ್ತಾರಾ?” ಎಂದು ಕೇಳಿ ಫೋನನ್ನು ಅಮ್ಮನಿಗೆ ಕೊಟ್ಟಿರಿ. ಬೈದಿದ್ದರೆ ಚೆನ್ನಾಗಿತ್ತು.

ಕಾಗೆಗಳು ಬೈದವು. ಅರ್ಬಾಬ್ ಕಾರಿನಿಂದ ಇಳಿದು ಓಡಾಡಿದರೆ ಅವಕ್ಕೆ ಏನೂ ಅಲ್ಲ. ಸತ್ತ ಕಾಗೆಯನ್ನು ಕೈಯಲ್ಲಿ ಹಿಡಿದು ಹೋದವನು ನಾನಲ್ಲವೇ? ನಾನು ಬಾಗಿಲು ತೆರೆದರೆ ಸಾಕು, ತಂತಿಯ ಮೇಲಿಂದ ಗಲಾಟೆ ಶುರು. ಟೊಪ್ಪಿ ಬದಲಾಯಿಸಿದೆ, ಅಂಗಿ ಬದಲಾಯಿಸಿದೆ, ಪ್ರಯೋಜನವಿಲ್ಲ. ನಿಮ್ಮ ಸೊಸೆ ಶಶಿ ನಗುತ್ತಿದ್ದಳು, “ನಿಮಗೆ ಇಲ್ಲಿ ಬೇರೆ ಯಾರೂ ಇಷ್ಟು ಮರ್ಯಾದೆ ಕೊಡುದಿಲ್ಲ” ಎಂದು.

ಜಯನ ಫೋನ್ ಬಂದಾಗ ನಾನು ಬಾಳೆಗೆ ನೀರು ಬಿಡುತ್ತಿದ್ದೆ. “ಅಪ್ಪ ಹೋದ್ರು” ಎಂದ. ಸರಿ ಎಂದೆ. ಪಂಪ್ ಬಂದ್ ಮಾಡಿದೆ. ಕಾಲಿನ ಕೆಸರು ತೊಳೆದೆ. ಬೂಟು ಒಣಗಲು ಇಟ್ಟೆ. ಆಮೇಲೆ ಶಶಿಗೆ ಹೇಳಿದೆ. ಪಾಸ್‌ಪೋರ್ಟ್ ಅವಧಿ ಮುಗಿದು ರಿನ್ಯೂವಲ್‌ಗೆ ಹೋಗಿತ್ತು, ಹೊರಡುವ ಮಾತೇ ಇರಲಿಲ್ಲ. ಚಿತೆಯ ಹೊತ್ತಿಗೆ ಜಯ ವೀಡಿಯೊ ಹಾಕಲೇ ಎಂದು ಕೇಳಿದ, ಬೇಡವೆಂದೆ. ಅಂದಿನಿಂದ ಇಂದಿನವರೆಗೆ ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಕೂಲಿಯವರೊಂದಿಗೆ ಎಂದಿನಂತೆ ಮಾತಾಡುತ್ತೇನೆ. ಅಳು ಬಂದಿಲ್ಲ. ಒಳಗೆ ಯಾರೂ ಇಲ್ಲವೇನೋ ಎನಿಸುತ್ತದೆ. ಇದು ನಿಮಗೆ ಹೇಳುವ ಮಾತೇ, ಅಪ್ಪ?

ಇವತ್ತು ಬೆಳಿಗ್ಗೆ ಶಶಿ ಕುಚ್ಚಲಕ್ಕಿ ಅನ್ನ, ತೊಂಡೆಕಾಯಿ ಪಲ್ಯ, ಹೆಸರುಬೇಳೆಯ ಪಾಯಸ ಮಾಡಿದಳು. ತೋಟದ್ದೇ ಬಾಳೆಲೆ. ಪಂಪ್‌ಹೌಸಿನ ಎದುರಿನ ಕಟ್ಟೆಯ ಮೇಲೆ ಬಡಿಸಿ, ಪಕ್ಕದಲ್ಲಿ ನೀವು ಸೇದುತ್ತಿದ್ದ ಬೀಡಿಯನ್ನೂ ಇಟ್ಟು ಕೈಮುಗಿದು ಹಿಂದೆ ಸರಿದೆ. ಅಮ್ಮ ಫೋನಿನಲ್ಲಿದ್ದಳು. ಊರಿನಲ್ಲಿ ಜಯ ಎಲೆ ಇಟ್ಟ ಕೂಡಲೇ ಕಾಗೆ ಬಂದಿತ್ತಂತೆ. “ನಿನ್ನ ಎಲೆಯೂ ಮುಟ್ಲಿ, ಆಮೇಲೆ ನಾನು ಊಟಕ್ಕೆ ಕೂರ್ತೇನೆ” ಎಂದಳು. ಸಕ್ಕರೆ ಕಾಯಿಲೆಯವಳು. ಜಯ ಹೇಳಿದರೂ ಕೇಳುವವಳಲ್ಲ.

ಕಾಗೆಗಳು ತಂತಿಯ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ.

“ಅಪ್ಪನ ಮನಸ್ಸಿನಲ್ಲಿ ಎಂತದೋ ಉಂಟು. ಮಾತು ಕೊಡು” ಎಂದಳು ಅಮ್ಮ. ಕೊಟ್ಟೆ. ಅಮ್ಮನನ್ನು ನೋಡಿಕೊಳ್ಳುತ್ತೇನೆ ಎಂದೆ. ಜಯನ ಜೊತೆ ಜಾಗದ ವಿಷಯದಲ್ಲಿ ಮಾತು ಬೆಳೆಸುವುದಿಲ್ಲ ಎಂದೆ. ಬರಲಿಲ್ಲ. ನಿಮ್ಮ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಹೋಗಿ ಕಂಬದಲ್ಲಿದ್ದ ಒಣಗಿದ ಕಾಗೆಗಳನ್ನು ಬಿಚ್ಚಿದೆ. ಹೂಳೋಣ ಎಂದು ಎರಡೂ ಕೈಯಲ್ಲಿ ಹಿಡಿದು ಹೊರಟೆ ನೋಡಿ, ತಂತಿಯ ಮೇಲಿದ್ದವೆಲ್ಲ ಒಟ್ಟಿಗೆ ಎದ್ದು ನನ್ನ ತಲೆಯ ಮೇಲೆ ಸುತ್ತಿ ಕೂಗಿದ ಕೂಗು! ನಿಮ್ಮ ಮಗನ ಬುದ್ಧಿ ಅಷ್ಟೇ. ಇಳಿಸಿದರೂ ಅವು ಕಂಡದ್ದು ಕೈಯಲ್ಲಿದ್ದ ಹೆಣ ಮಾತ್ರ. ಹೂತು, ಮಣ್ಣು ಮುಚ್ಚಿ, ಕೈತೊಳೆದು ಬರುವಾಗ ತಂತಿ ಖಾಲಿ. ಆಮೇಲೆ ಒಂದೊಂದೇ ಬಂದು ದೂರದ ಖರ್ಜೂರದ ಮರಗಳಲ್ಲಿ ಕೂತವು. ಅನ್ನ ಒಣಗುತ್ತಿತ್ತು. ಅಮ್ಮ ಮತ್ತೆ ಫೋನ್ ಮಾಡಿದಳು. ಸ್ವರ ಸಣ್ಣದಾಗಿತ್ತು. ಮುಟ್ಟಿತು ಎಂದು ಸುಳ್ಳು ಹೇಳಿಬಿಡು ಎಂದು ಶಶಿ ಕಣ್ಣಲ್ಲೇ ಹೇಳಿದಳು. “ಇನ್ನೂ ಇಲ್ಲ ಅಮ್ಮ” ಎಂದೆ.

ಆಗ ಗೋಳಿಮರದ ಮರೆ ನೆನಪಾಯಿತು. ಶಶಿಯನ್ನು ಕರೆದುಕೊಂಡು ಪಂಪ್‌ಹೌಸಿನೊಳಗೆ ಹೋದೆ. ಸ್ವಲ್ಪ ಬಿಟ್ಟು ಅವಳನ್ನು ಹೊರಗೆ ಕಳಿಸಿದೆ. ಕಿಟಕಿಯ ಬಿರುಕಿನಲ್ಲಿ ಕಣ್ಣಿಟ್ಟು ಉಸಿರು ಹಿಡಿದು ಕೂತೆ. ನಿಮ್ಮ ಎಲೆಯನ್ನು ಕಣ್ಣಾರೆ ನೋಡಬೇಕಿತ್ತು ನನಗೆ, ಅಷ್ಟೇ. ಇಬ್ಬರು ಒಳಗೆ, ಒಬ್ಬಳು ಹೊರಗೆ. ಒಂದೂ ಬರಲಿಲ್ಲ. ನೀವು ಅಂದೇ ಹೇಳಿದ್ದಿರಲ್ಲ. ಆದರೂ ಮಾಡಿ ನೋಡಿದೆ.

ಪಂಪ್‌ಹೌಸಿನ ಬಾಗಿಲನ್ನು ತೆರೆದವರು ಅರ್ಬಾಬ್. ಯಾವಾಗ ಬಂದಿದ್ದರೋ. ಎಲೆ ನೋಡಿದರು, ಮರದಲ್ಲಿದ್ದ ಕಾಗೆ ನೋಡಿದರು, ಬಗ್ಗಿ ಕೂತಿದ್ದ ನನ್ನನ್ನು ನೋಡಿದರು.

“ಬಾಬಾ ಕಾ ಖಾನಾ?”

ಅಪ್ಪನ ಊಟವೇ, ಹೌದೆಂದು ತಲೆಯಾಡಿಸಿದೆ. ಅವರು ನಗಲಿಲ್ಲ.

“ಘುರಾಬ್ ಕೋ ಸಬ್ ಮಾಲೂಮ್. ತುಮ್ ಇಧರ್, ಖಾನಾ ನಹೀ. ಯಲ್ಲಾ, ಗಾಡಿ ಮೇ ಬೈಠೋ.” ನೀನು ಇಲ್ಲಿರುವವರೆಗೆ ಅವು ತಿನ್ನುವುದಿಲ್ಲ, ನಡೆ ಎಂದರು. ನಾನು ಏಳಲಿಲ್ಲ. ಬೇಟೆಯವರು, ಕಾದು ಕಣ್ಣಾರೆ ನೋಡುವ ಆಸೆ ಅವರಿಗೆ ಅರ್ಥವಾಯಿತು. ಭುಜ ಹಿಡಿದು ಎಬ್ಬಿಸಿದರು.

ಕಾರು ಗೇಟು ದಾಟಿ, ರಸ್ತೆ ದಾಟಿ, ಬರ್ಕಾದ ಸಮುದ್ರದ ಬದಿಗೆ ಹೋಗಿ ನಿಂತಿತು. ದೋಣಿಗಳ ಹತ್ತಿರ ಮೀನಿನ ತಲೆಗೆ ಕಚ್ಚಾಡುತ್ತಿದ್ದ ಕಾಗೆಗಳು ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಅರ್ಬಾಬ್ ಎಂಜಿನ್ ಆರಿಸದೆ ಎದುರು ನೋಡುತ್ತ ಕೂತಿದ್ದರು. ಹಿಂದಿನ ಸೀಟಿನಲ್ಲಿ ಬೆಡಿ ಒರೆಸುವ ಬಟ್ಟೆ ಬಿದ್ದಿತ್ತು. ಕಾರಿನೊಳಗೆಲ್ಲ ತೆಂಗಿನೆಣ್ಣೆಯ ವಾಸನೆ, ನಮ್ಮ ಜಗಲಿಯ ಭಾನುವಾರದ ವಾಸನೆ. ಈಗಲಾದರೂ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಶಶಿಯ ಫೋನ್ ಬಂತು.

“ಬಂತು. ಗಾಡಿ ಹೋದದ್ದೇ ಬಂತು. ಮೊದಲು ಪಾಯಸ ತಿಂದದ್ದು.”

ಪಾಯಸವೇ ಮೊದಲು! ನಿಮಗೂ ಸಕ್ಕರೆ ಕಾಯಿಲೆ ಉಂಟೆಂದು ಅಮ್ಮ ನಿಮ್ಮಿಂದ ಅಡಗಿಸಿಡುತ್ತಿದ್ದ ಪಾಯಸ. ನೀವೇ ಇರಬೇಕು.

ಅಮ್ಮನಿಗೆ ಫೋನ್ ಮಾಡಿ ಮುಟ್ಟಿತು ಎಂದೆ. “ಹೇಗಿತ್ತು ಕಾಗೆ?” ಎಂದಳು. “ಕಾಗೆಯ ಹಾಗೆ ಇತ್ತು ಅಮ್ಮ” ಎಂದೆ. ಅವಳು ಊಟಕ್ಕೆ ಕೂತಳು. ನಾನಿಲ್ಲದಾಗ ಬಂತು ಎಂದು ಹೇಳಲಿಲ್ಲ. ನೀವು ಹೋಗುವಾಗ ನಾನಿರಲಿಲ್ಲ, ನೀವು ಉಣ್ಣಲು ಬಂದಾಗಲೂ ಇರಲಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ವಾಪಸು ಬರುವಾಗ ಅರ್ಬಾಬರಿಗೆ ಹೇಳಿದೆ, ಇನ್ನು ಮುಂದೆ ಬಿದ್ದ ಕಾಗೆಯನ್ನು ನಾನು ಹೆಕ್ಕುವುದಿಲ್ಲ ಎಂದು. ಅವರು “ಖಲಾಸ್” ಎಂದರು. ಕಾಗೆ ಹೊಡೆಯುವುದು ಖಲಾಸೋ, ನನ್ನ ಕೆಲಸ ಖಲಾಸೋ, ಕೇಳುವ ಶಕ್ತಿ ಇರಲಿಲ್ಲ. ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ, ಆಗ ಗೊತ್ತಾಗುತ್ತದೆ.

ಕೊನೆಯ ಸಲ ಮಾತಾಡಿದಾಗ ನೀವು ನನ್ನನ್ನು ಕೇಳಿದ್ದು ಒಂದೇ, “ಬೆಡಿ ಬಂತಾ?” ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದು ಬಂದಿರಲಿಲ್ಲ. ಬರುವ ಮೊದಲೇ ನೀವು... ಅದು ಇನ್ನೂ ಅಲ್ಲೇ ಇದೆ ಅಪ್ಪ. ಜಯನಿಗೆ ಬೇಡ, ನಾನು ಅಲ್ಲಿಲ್ಲ. ಅಲ್ಲೇ ಬಿಡುವುದೆಂದು ಇವತ್ತು ಇಬ್ಬರೂ ಮಾತಾಡಿಕೊಂಡೆವು. ಬಿಡುವ ಮೊದಲು ಒಮ್ಮೆ ಎಣ್ಣೆ ಹಾಕಿ ಕೊಡಲು ಬಿಡುತ್ತಾರೋ ಕೇಳು ಎಂದಿದ್ದೇನೆ.

ಪಾಸ್‌ಪೋರ್ಟ್ ಬರುತ್ತಿದ್ದಂತೆ ಬರುತ್ತೇನೆ. ವರ್ಷಾಂತದ ಎಲೆಯನ್ನು ನಮ್ಮ ಅಂಗಳದಲ್ಲಿ ನಾನೇ ಇಡುತ್ತೇನೆ. ಪಾಯಸ ಜಾಸ್ತಿ ಬಡಿಸುತ್ತೇನೆ. ಮರೆಯಲ್ಲಿ ಕೂರುವುದಿಲ್ಲ, ಎದುರಿಗೇ ಕೂತು ನೋಡುತ್ತೇನೆ. ಊರಿನ ಕಾಗೆಗಳಿಗೆ ನನ್ನ ಮುಖದ ಗುರುತಿಲ್ಲ, ಅಪ್ಪ.

ನಿಮ್ಮ
ಲೋಕು